ಸದ್ದು ಕೇಳಿ ಕೊಂಡ ಕೀಬೋರ್ಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಕೀಬೋರ್ಡನ್ನು ಹಲಸಿನಹಣ್ಣಿನಂತೆ ಕೊಂಡವನು. ನಮ್ಮ ಹೊಸನಗರದ ಕಡೆ ಹಲಸು ಎದುರಿಗಿದ್ದರೆ ಯಾರೂ ಬರಿದೇ ನೋಡಿ ಹೋಗುವುದಿಲ್ಲ. ಬೆರಳಲ್ಲಿ ತಟ್ಟಿ, ಕಿವಿಯೊಡ್ಡಿ, ಡಾಕ್ಟರ ಗಾಂಭೀರ್ಯದಲ್ಲಿ ‘ಇನ್ನೆರಡು ದಿನ ಬೇಕು’ ಎಂದು ತೀರ್ಪು ಕೊಡುತ್ತಾರೆ. ಅದೇ ವಿದ್ಯೆಯನ್ನು ನಾನು ಗುಂಡಿಗೊಂದು ಸ್ವಿಚ್ಚಿರುವ ಮೆಕ್ಯಾನಿಕಲ್ ಕೀಬೋರ್ಡಿನ ಮೇಲೆ ಪ್ರಯೋಗಿಸಿದೆ. ಮೊಬೈಲಿನಲ್ಲಿ ಯಾರೋ ಟೈಪ್ ಮಾಡುವ ವಿಡಿಯೊ ಹಾಕಿ, ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ ಕೇಳಿದೆ. ಟಕಟಕ ಟಕಟಕ! ಹಂಚಿನ ಮೇಲೆ ಆಲಿಕಲ್ಲು ಬಿದ್ದಂತೆ. ಬೆರಳು ತಾಗಿಸದೆ, ಕಿವಿಯೊಂದನ್ನೇ ನಂಬಿ ತರಿಸಿಬಿಟ್ಟೆ. ಮನೆಯಲ್ಲಿ ಹೇಳಿದ್ದು ಮಾತ್ರ ಬೆರಳು ನೋವು ಎಂದು.

ನೋವೇನೂ ಸುಳ್ಳಲ್ಲ. ತಾಲ್ಲೂಕು ಕಚೇರಿಯ ಹತ್ತಿರ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ವನಜಕ್ಕನ ಟೈಪಿಂಗ್ ಅಂಗಡಿಯಿದೆ. ಅಲ್ಲಿ ಕಿಟಕಿ ಪಕ್ಕದ ಕುರ್ಚಿ ನನ್ನದು. ಅರ್ಜಿ, ಕರಾರು, ಪಾಲುಪಟ್ಟಿ ಎಲ್ಲ ನನ್ನ ಕೈಯಿಂದಲೇ ಆಗಬೇಕು. ಹಳೆಯ ಕೀಬೋರ್ಡಿನ ಗುಂಡಿ ಒತ್ತಿದರೆ ಗದ್ದೆಯ ಕೆಸರಿನಲ್ಲಿ ಕಾಲಿಟ್ಟಂತೆ: ಇಳಿಯುವುದು ಸುಲಭ, ಏಳುವುದು ಕಷ್ಟ. ಅದರಲ್ಲೂ ಎಫ್ ಗುಂಡಿ. ನಾವು ಬಳಸುವ ಕನ್ನಡ ವಿನ್ಯಾಸದಲ್ಲಿ ಒತ್ತಕ್ಷರ ಬೇಕೆಂದಾಗಲೆಲ್ಲ ಎಫ್ ಒತ್ತಬೇಕು. ಇನ್ನು ನಮ್ಮ ನೆಂಟರನ್ನು ನೋಡಿ: ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ಅಜ್ಜ. ಒತ್ತಿಲ್ಲದೆ ಬರುವವರು ಯಾರು? ಚಿಕ್ಕಪ್ಪನಿಗಂತೂ ಎರಡು ಸಲ. ತುಂಬು ಕುಟುಂಬದ ಪಾಲುಪಟ್ಟಿಯೊಂದು ಮುಗಿಯುವಷ್ಟರಲ್ಲಿ ಜಗಳ ಅವರದ್ದು, ಊತ ನನ್ನ ಎಡಗೈ ತೋರುಬೆರಳಿಗೆ. ಮೈದುನ, ನಾದಿನಿ ಮಾತ್ರ ಒತ್ತಿಲ್ಲದ ಸಭ್ಯರು. ಅವರು ತೊಂದರೆ ಕೊಡುವ ಬಗೆ ಬೇರೆ ಎಂದು ಆಮೇಲೆ ತಿಳಿಯಿತು.

ಕೊರಿಯರ್‌ನವನು ರಿಪ್ಪನ್‌ಪೇಟೆಯವರೆಗೆ ತಂದು ಕೈಚೆಲ್ಲಿದ. ನಾನೇ ಬಸ್ಸಿನಲ್ಲಿ ಹೋಗಿ, ಮದುವೆ ಹೆಣ್ಣನ್ನು ಕರೆತರುವ ಜೋಪಾನದಲ್ಲಿ ತೊಡೆಯ ಮೇಲಿಟ್ಟು ತಂದೆ. ಅಂಗಡಿಯಲ್ಲಿ ಮೊದಲ ಸಾಲು ಹೊಡೆಯುತ್ತಲೇ ವನಜಕ್ಕ ಕನ್ನಡಕ ಮೇಲೇರಿಸಿದರು.

“ಎಂತ ಮಾರಾಯ ಇದು? ಅವಲಕ್ಕಿ ಮಿಲ್ ಹಾಕಿದ್ಯಾ?”

ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ನಮ್ಮಂಥ ಅಂಗಡಿಗೆ ಬರುವವರು ವಿಷಯವನ್ನು ಬರೆದು ತರುವುದಿಲ್ಲ. ಕುರ್ಚಿಯನ್ನು ಹತ್ತಿರಕ್ಕೆಳೆದು, ಸೆರಗನ್ನೋ ಟವೆಲನ್ನೋ ಬಾಯಿಗೆ ಅಡ್ಡ ಹಿಡಿದು ಪಿಸುಗುಡುತ್ತಾರೆ. ದೇವರ ಮುಂದೆಯೂ ಅಷ್ಟು ಮೆಲ್ಲಗೆ ಕೇಳಿಕೊಳ್ಳಲಿಕ್ಕಿಲ್ಲ. ನಿಟ್ಟೂರಿನ ದೇವಮ್ಮ ಬಂದದ್ದೂ ಹಾಗೆಯೇ. ಗಂಡ ತೀರಿಹೋದ ಮೇಲೆ ಗದ್ದೆಯೆಲ್ಲ ಮೈದುನನ ಜೊತೆ ಜಂಟಿಯಾಗಿಯೇ ಉಳಿದಿತ್ತು. ತನ್ನ ಪಾಲನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ವರ್ಷಗಟ್ಟಲೆ ಯೋಚಿಸಿ, ಧೈರ್ಯ ಮಾಡಿ ಬಂದಿದ್ದರು.

“ಜೋರಾಗಿ ಹೇಳಿ ದೇವಮ್ಮ, ಕೇಳ್ತಿಲ್ಲ.”

ಅವರು ದನಿ ಏರಿಸಿದರು. ನನ್ನ ಮಿಲ್ಲೂ ಏರಿತು. ಅವರು ಇನ್ನಷ್ಟು ಏರಿಸಿದರು. ಕೊನೆಗೆ ನಾನು ಬೆರಳೆತ್ತಿ ಮೂಗು ತುರಿಸಿಕೊಂಡ ಕ್ಷಣದಲ್ಲಿ, ಆ ಗವ್ವೆನ್ನುವ ಮೌನದಲ್ಲಿ, ದೇವಮ್ಮನ ತುಂಬು ಕಂಠ ಮೊಳಗಿತು: “ಇದು ನನ್ ಮೈದುನಂಗೆ ಈಗ್ಲೇ ಗೊತ್ತಾಗ್ಬಾರ್ದು!”

ಹೊರಗೆ ಬೆಂಚಿನ ಮೇಲೆ ನಿಟ್ಟೂರು ಬಸ್ಸಿಗೆ ಕಾಯುತ್ತಿದ್ದವರು ಒಟ್ಟಿಗೇ ತಿರುಗಿದರು. ದೇವಮ್ಮ ಚೀಲ ಎತ್ತಿಕೊಂಡು, ಅರ್ಜಿಯನ್ನು ಅರ್ಧದಲ್ಲೇ ಬಿಟ್ಟು ನಡೆದರು.

“ಅವ್ರು ವಾಪಸ್ ಬಂದು ಆ ಕುರ್ಚೀಲಿ ಕೂರ್ಬೇಕು,” ಎಂದರು ವನಜಕ್ಕ. “ಇಲ್ದಿದ್ರೆ ನೀನೂ ನಿನ್ ಮಿಲ್ಲೂ ಬಸ್‌ಸ್ಟ್ಯಾಂಡಲ್ಲಿ ಕೂತ್ಕಳಿ.”

ವನಜಕ್ಕ ಬೈದು ಬೆನ್ನು ತಿರುಗಿಸುವುದರೊಳಗೆ ಅವರದೇ ದನಿ ಅನುಕರಿಸಿ ಆ ಬೈಗುಳವನ್ನು ಮತ್ತೊಮ್ಮೆ ಒಪ್ಪಿಸುವುದು ನನ್ನ ವಾಡಿಕೆ. ಅಂದು ಅದನ್ನು ಬಿಟ್ಟು ಕೀಬೋರ್ಡಿನ ವೈರು ಕಿತ್ತೆ.

ಹಳೆಯ ಕೆಸರಿಗೆ ಮರಳಿದರೆ ಬೆರಳು ಹೋಗುತ್ತದೆ; ಹೊಸದನ್ನು ಇಟ್ಟುಕೊಂಡರೆ ಕುರ್ಚಿ ಹೋಗುತ್ತದೆ. ಬೇರೊಂದು ಕೀಬೋರ್ಡು ಹುಡುಕಿ ಸಾಗರದ ಪೇಟೆಗೆ ಹೋದೆ. ಅಂಗಡಿಯಲ್ಲಿ ಕೀಬೋರ್ಡುಗಳೆಲ್ಲ ಪ್ಲಾಸ್ಟಿಕ್ಕಿನೊಳಗೆ ಧ್ಯಾನಸ್ಥವಾಗಿದ್ದವು. ಒಮ್ಮೆ ಒತ್ತಿ ನೋಡಬಹುದೇ ಎಂದು ಕೇಳಿದೆ. “ತಗಂಡ್ಮೇಲೆ ಎಷ್ಟ್ ಬೇಕಾದ್ರೂ ಒತ್ತಿ,” ಎಂದಿತು ಗಲ್ಲಾದ ಹಿಂದಿನ ಮೂಗುದನಿ. ವಾಪಸು ಬರುವಾಗ ಬಸ್ಸಿನಲ್ಲಿ ಆ ದನಿಯನ್ನಾದರೂ ಕಲಿತುಕೊಂಡೆ, ಬರಿಗೈಲಿ ಬರಬಾರದಲ್ಲ.

ಕೊನೆಗೆ ದಾರಿ ತೋರಿದವನು ತೀರ್ಥಹಳ್ಳಿಯ ಗೆಳೆಯ ಸುಧಿ. ಕಂಪ್ಯೂಟರ್ ಆಟದ ಹುಚ್ಚಿನಲ್ಲಿ ಬಗೆಬಗೆಯ ಸ್ವಿಚ್ಚುಗಳನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಂಡವನು. ನನ್ನ ಕೀಬೋರ್ಡಿನ ಗುಂಡಿಗಳ ಅಡಿಯಲ್ಲಿರುವ ಸ್ವಿಚ್ಚುಗಳನ್ನು ಕಿತ್ತು ಬೇರೆ ಕೂರಿಸಬಹುದು ಎಂದು ಅವನೇ ತೋರಿಸಿದ್ದು. ಮೊದಲು ಒಂದು ಉಂಡೆ ಹತ್ತಿ ಕೊಟ್ಟ.

“ಕಿವಿಗೆ ಇಟ್ಕ. ಈಗ ಬೆರಳನ್ನ ಕೇಳು.”

ಒಂದೊಂದು ಬಗೆಯ ಸ್ವಿಚ್ಚಿನ ಮೇಲೂ ‘ಚಿಕ್ಕಪ್ಪ’ ಎಂದು ಹೊಡೆದು ನೋಡಿದೆ. ಒಂದು ಬಿರುಸು, ಒಂದು ಜಾಳು. ಮತ್ತೊಂದು ಮೆಲ್ಲಗೆ ಇಳಿದು, ಬೆರಳನ್ನು ತಾನೇ ಎತ್ತಿ ಕೊಟ್ಟಿತು. ಎಷ್ಟು ಚಿಕ್ಕಪ್ಪಂದಿರು ಬಂದರೂ ಬೆರಳು ಗೊಣಗಲಿಲ್ಲ. ಸ್ವಲ್ಪ ಹೊತ್ತಿಗೆ ಕೀಬೋರ್ಡು ಇದೆಯೆನ್ನುವುದೇ ಮರೆತುಹೋಯಿತು. ಹಿತ ಎಂದರೆ ಅದೇ ಇರಬೇಕು. ಕಾಲಿಗೆ ಹೊಂದಿದ ಚಪ್ಪಲಿಯನ್ನು ಯಾರು ನೆನೆಸಿಕೊಂಡು ನಡೆಯುತ್ತಾರೆ?

ಸದ್ದೂ ಇಲ್ಲದ ಆ ಸ್ವಿಚ್ಚುಗಳನ್ನೇ ಕೂರಿಸಿಕೊಂಡು ಊರಿಗೆ ಬಂದವನೇ ದೇವಮ್ಮನಿಗೆ ಫೋನು ಮಾಡಿ, ತಪ್ಪಾಯಿತೆಂದು ಹೇಳಿ, ತೀರ್ಥಹಳ್ಳಿಯ ಕತೆಯನ್ನೂ ಕೊಚ್ಚಿಕೊಂಡೆ. ಅವರು ಬಂದರು. ವಿಷಯ ಮೈದುನನಿಗೆ ಆ ದಿನದ ಬಸ್ಸಿನಲ್ಲೇ ತಲುಪಿತ್ತಂತೆ.

“‘ಮೊದ್ಲೇ ಕೇಳಿದ್ರೆ ನಾನೇ ಸೈನ್ ಹಾಕ್ತಿದ್ನಲ್ಲ ಅತ್ಗೆ’ ಅಂದ. ಅವನು ಮನಸ್ಸು ಬದ್ಲಾಯ್ಸೋದ್ರೊಳ್ಗೆ ಬರ್ದು ಕೊಡು.”

ಗುಟ್ಟು ರಟ್ಟಾದರೂ ಅಭ್ಯಾಸ ಬಿಡಲಿಲ್ಲ. ಸೆರಗು ಅಡ್ಡ ಬಂತು, ಪಿಸುಮಾತು ಶುರುವಾಯಿತು. ಪ್ರತಿ ಅಕ್ಷರವೂ ಕೇಳಿಸಿತು. ಆದರೆ ನಾಲ್ಕು ಸಾಲಿಗೇ ದೇವಮ್ಮ ನಿಲ್ಲಿಸಿದರು.

“ಬರೀತಿದ್ಯಾ, ಸುಮ್ನೆ ಬೆರಳಾಡಿಸ್ತಿದ್ಯಾ? ಸದ್ದೇ ಇಲ್ವಲ್ಲ!”

ಅವರ ನಂಬಿಕೆಗಾಗಿ ಬಾಯಲ್ಲೇ ಟಕಟಕ ಶುರು ಮಾಡಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಹುರುಪಿನಲ್ಲಿ ವನಜಕ್ಕನ ಬೈಗುಳ ಬಂತು, ಸಾಗರದ ಮೂಗುದನಿ ಬಂತು, ಅದರ ಬೆನ್ನಿಗೇ ದೇವಮ್ಮನ ತುಂಬು ಕಂಠದಲ್ಲಿ “ಗೊತ್ತಾಗ್ಬಾರ್ದು!” ಕೂಡ ಬಂದುಬಿಟ್ಟಿತು. ಹೊರಗೆ ಬೆಂಚು ಮತ್ತೆ ಒಟ್ಟಿಗೇ ತಿರುಗಿತು.

ದೇವಮ್ಮ ಈ ಸಲ ಎದ್ದು ಹೋಗಲಿಲ್ಲ. ಸೆರಗು ಸರಿಸಿ, ಬೆಂಚಿಗೂ ಕೇಳುವಂತೆ ಹೇಳಿದರು:

“ತೀರ್ಥಹಳ್ಳೀಲಿ ಸ್ವಿಚ್ಚು ಬದ್ಲಾಯ್ಸೋ ಹುಡ್ಗ ಇದಾನಲ್ಲ, ನಿನ್ ಬಾಯಿಗೂ ಅವ್ನ ಹತ್ರ ಒಂದು ಹಾಕಿಸ್ಕ ಬಾ. ಅಲ್ಲಿವರ್ಗೂ ಬೆರಳಲ್ಲೇ ಮಾತಾಡು.”