ನೀನು ತಂದ ಹಕ್ಕರಕಿ

ಸರೋಜಾ, ನೀನು ಹೊಸ ಸೊಸೆಯಾಗಿ ಬಂದ ವರ್ಷ ಹೊಲದ ಬದುವಿನಿಂದ ಉಡಿ ತುಂಬ ತಂದದ್ದು ಹಕ್ಕರಕಿ ಸೊಪ್ಪೇ ಆಗಿತ್ತು. ಅಲ್ಲ ಎಂದು ನಾನು ಹೇಳಿದ್ದು ಸುಳ್ಳು.

ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ — ನೀನೇ ಕಲಿಸಿದ ಈ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ತಪ್ಪಿದರೆ ಅಳಿಸುವುದನ್ನೂ ಕಲಿಸಿದ್ದೀಯ. ಇದನ್ನು ಮಾತ್ರ ಅಳಿಸುವುದಿಲ್ಲ.

ನಿನ್ನ ತವರು ಗಂಗಾವತಿ ಕಡೆ, ಕಾಲುವೆ ನೀರು, ಭತ್ತದ ಗದ್ದೆ. ನಮ್ಮ ಅಳವಂಡಿಯ ಎರೆ ಹೊಲದ ಸೊಪ್ಪು ನಿನಗೇನು ತಿಳಿದೀತು ಎಂದು ಒಂದೇ ಸಲ, ಅಸಡ್ಡೆಯಿಂದ ಗುರುತು ಹೇಳಿದ್ದೆ — ಬದುವಿನ ಮೇಲೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಎಲೆಯ ಅಂಚು ಗರಗಸದ ಹಾಗೆ, ಮುರಿದರೆ ಹಾಲು. ಅಷ್ಟಕ್ಕೇ ನೀನು ಒಂದು ಕಸದೆಲೆಯೂ ಬೆರೆಯದಂತೆ ಆರಿಸಿ ತಂದೆ. ಬೇರನ್ನು ಮುಟ್ಟಿರಲಿಲ್ಲ. ಅದನ್ನು ನಾನು ಹೇಳಿಯೇ ಇರಲಿಲ್ಲ!

ಈ ಮನೆಯಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಿದ್ದುದು ಸೊಪ್ಪಿನ ಗುರುತು ಹಿಡಿಯುವುದೊಂದಕ್ಕೇ, ಅದೂ ಹೋದರೆ —

"ಏ ಹುಚ್ಚಿ, ಇದ್ಯಾತರ ಹಕ್ಕರಕಿ? ಆಡಿಗೆ ಹಾಕು ಹೋಗು."

"ಮುರದ್ರ ಹಾಲು ಬರ್ತೈತಲ್ರಿ ಅತ್ತಿ?"

"ಹಾಲು ಬಂದದ್ದೆಲ್ಲಾ ಹಕ್ಕರಕಿ ಅಂದ್ರ ಎಕ್ಕಿ ಗಿಡಾನೂ ತಿಂತಿ ಏನು?"

ನೀನು ಅದನ್ನು ಆಡಿನ ಮುಂದೆ ಹಾಕಿ ನೀರಿಗೆ ಹೋದೆ. ನಾನು ಆಡಿನ ಬಾಯಿಂದ ಕಸಿದು ತೊಳೆದಿಟ್ಟೆ. ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿಯ ಪಕ್ಕ ಅದೇ ಸೊಪ್ಪು, ನಾನೇ ತಂದದ್ದೆಂದು ಬಡಿಸಿದೆ.

"ಹಕ್ಕರಕಿ ಅಂದ್ರ ಅವ್ವ ತಂದದ್ದ ನೋಡು" ಎಂದ ನಿನ್ನ ಗಂಡ.

ನೀನೂ ನಕ್ಕೆ. "ನಮ್ಮ ಗದ್ದಿ ಕಣ್ಣಿಗೆ ಇದು ಗುರ್ತ ಹತ್ತಂಗಿಲ್ಲ ಬಿಡ್ರಿ."

ಅಂದಿನಿಂದ ನೀನು ಬದುವಿನ ಮೇಲೆ ಬಗ್ಗಲಿಲ್ಲ. ಸಂತೆಯಲ್ಲಿ ಮೆಂತ್ಯದ ಸೂಡು ಹಿಡಿದರೂ "ಇದು ಛಲೋ ಐತೇನ್ರಿ ಅತ್ತಿ?" ಎಂದು ನನ್ನನ್ನೇ ಕೇಳುತ್ತೀಯ. ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು — ಅದನ್ನೂ ಹೇಳಿಬಿಡುತ್ತೇನೆ.

ನಿನ್ನೆ ನಿನ್ನ ಮಗಳು ಹಕ್ಕರಕಿ ಹೇಗಿರುತ್ತದೆ ಎಂದು ಕೇಳಿದಳು. "ನನಗ ತಿಳಿಯಂಗಿಲ್ಲವಾ, ಅಜ್ಜಿನ್ನ ಕೇಳು" ಎಂದೆ ನೀನು. ತಿಳಿದವಳು ನೀನು. ತಿಳಿಯದ ಹಾಗೆ ಮಾಡಿದವಳು ನಾನು. ಆಗ ನನಗೆ ಖುಷಿಯಾಗಲಿಲ್ಲ, ಸರೋಜಾ.

ಮಳೆ ಬಿದ್ದಿದೆ. ನೀನು ಅಂದು ಕೀಳದೆ ಬಿಟ್ಟ ಬೇರುಗಳು ಅದೇ ಬದುವಿನಲ್ಲಿ ಮತ್ತೆ ಚಿಗುರಿರುತ್ತವೆ. ಇವತ್ತು ಊಟಕ್ಕೆ ಕುಳಿತಾಗ ನಿನ್ನ ಗಂಡನ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಬೈಯುವುದಿದ್ದರೆ ಆಗಲೇ ಬೈ. ನಾಳೆ ಮಗಳ ಕೈ ಹಿಡಿದು ನೀನು ಮುಂದೆ ನಡೆ, ಗುರುತು ನೀನೇ ತೋರಿಸು. ನಾನು ಚೀಲ ಹಿಡಿದು ಹಿಂದೆ ಬರುತ್ತೇನೆ — ಬಾಯಿ ಮುಚ್ಚಿಕೊಂಡು.