ಕ್ಷೇಮ ಕೇಳಿದರೆ ಕಾರ್ಯಕ್ರಮವಿಲ್ಲ

ಶಾಲೆಯ ಆಫೀಸಿನಲ್ಲಿ, ಗಾಜಿನ ಕಿಟಕಿಯ ಹಿಂದೆ ಕೂರುವ ಅವಳಿಗೆ ಮಕ್ಕಳು ಇಟ್ಟ ಹೆಸರು ‘ರಜೆ ಆಂಟಿ’. ಮೋಡ ಕವಿದ ದಿನ ಅವಳು ನೀರು ಕುಡಿಯಲೆಂದು ವರಾಂಡಕ್ಕೆ ಬಂದರೂ ಸಾಕು, ತರಗತಿಗಳಲ್ಲಿ ಪುಸ್ತಕಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಬಿರುಗಾಳಿ ಬರಲಿ, ಸೇತುವೆಯ ಮೇಲೆ ನೀರು ಹರಿಯಲಿ, ಕರೆಂಟಿನ ಪೆಟ್ಟಿಗೆ ಸುಡಲಿ, ಶಾಲೆಯ ಕಾರ್ಯಕ್ರಮ ನಿಂತಿತು ಎಂಬ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವುದು ಅವಳ ಕೆಲಸ. ಮಕ್ಕಳ ಲೆಕ್ಕದಲ್ಲಿ ಅವಳ ಬಾಯಿಗೆ ಸಕ್ಕರೆ ಹಾಕಬೇಕು. ದೊಡ್ಡವರಿಗೆ ಮಾತ್ರ ಅವಳ ಫೋನ್ ಬಂದರೆ ಮುಖ ಹುಳ್ಳಗಾಗುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ಗಾಳಿಗೆ ಮೈದಾನದ ಶಾಮಿಯಾನ ಹಾರಿಹೋಗಿ ಕ್ರೀಡಾಕೂಟ ರದ್ದಾಗಿತ್ತು. ಅವಳು ಮೊದಲ ಮನೆಗೆ ಫೋನ್ ಹಚ್ಚಿ, “ಶಾಲೆಯಿಂದ ಮಾತಾಡ್ತಿದ್ದೀನಿ, ನಿಮ್ಮ ಮೊಮ್ಮಗ...” ಎನ್ನುವಷ್ಟರಲ್ಲಿ ಆ ಕಡೆ ಅಜ್ಜ ದೊಪ್ಪೆಂದು ಕುಸಿದು ಕೂತ ಸದ್ದು ಕೇಳಿಸಿತು. ಮೊಮ್ಮಗ ಪಕ್ಕದಲ್ಲೇ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಗಾಬರಿಯಲ್ಲಿ ಅಜ್ಜನಿಗೆ ಅದೂ ಮರೆತುಹೋಗಿತ್ತು. ಶಾಲೆಯಿಂದ ಫೋನ್ ಎಂದರೆ ಜನಕ್ಕೆ ಮೊದಲು ಕಾಣುವುದು ಆಸ್ಪತ್ರೆ ಎಂಬುದು ಅವತ್ತು ಅವಳಿಗೆ ಹೊಳೆಯಿತು. ಅಂದಿನಿಂದ ಮೊದಲು ಕ್ಷೇಮ, ಆಮೇಲೆ ವಿಷಯ. ಕೆಮ್ಮು ವಾಸಿಯಾಯಿತೇ, ಅತ್ತೆಯವರ ಬೆನ್ನು ಹೇಗಿದೆ, ಬೆಕ್ಕು ಮರಿ ಹಾಕಿತೇ ಎಂದು ಕೇಳಿ, ಕೇಳುವವರ ಉಸಿರು ತಹಬಂದಿಗೆ ಬಂದ ಮೇಲೆ ಮೆಲ್ಲಗೆ “ಇವತ್ತು ಕಾರ್ಯಕ್ರಮ ಇಲ್ಲ” ಎನ್ನುವಳು.

ಗುಂಪಿಗೆ ಮೆಸೇಜು ಹಾಕಬಾರದೇ ಎಂದು ಕೇಳಿದವರುಂಟು. ಹಾಕಿ ನೋಡಿದ್ದಳು. ಶುಭೋದಯದ ಹೂಗಳ ನಡುವೆ ಅದು ಹೂತುಹೋಗಿತ್ತು. ಆದ್ದರಿಂದ ಅವಳದು ಬೀದಿಗೊಂದು ಬಾಯಿ ಎಂಬ ಪದ್ಧತಿ. ಒಂದು ಬೀದಿಗೆ ಬೇಕರಿಯಾಕೆ, ಇನ್ನೊಂದಕ್ಕೆ ಔಷಧಿ ಅಂಗಡಿಯವನು, ಮತ್ತೊಂದಕ್ಕೆ ಕ್ಷೌರದಂಗಡಿಯ ಮಾವ. ಅವರ ಕಿವಿಗೆ ಬಿದ್ದರೆ ಊರಿಗೇ ಬಿದ್ದಂತೆ. ತನ್ನ ಕಾಲದಲ್ಲಿ ಒಂದು ಮಗುವೂ ಖಾಲಿ ಮೈದಾನದಲ್ಲಿ ಒಬ್ಬಂಟಿಯಾಗಿ ನಿಂತಿಲ್ಲ ಎಂಬ ಹೆಮ್ಮೆ ಅವಳಿಗಿದೆ.

ಈ ವರ್ಷ ಶಾಲೆಯ ನಾಟಕದಲ್ಲಿ ಅವಳ ಮಗಳಿಗೆ ಸೂರ್ಯನ ಪಾತ್ರ. ಒಮ್ಮೆ ಬಿರುಗಾಳಿಗೆ, ಇನ್ನೊಮ್ಮೆ ಕರೆಂಟಿಗೆ ನಾಟಕ ನಿಂತಿತ್ತು. ಎರಡು ಸಲವೂ ಊರಿಗೆಲ್ಲ ಫೋನ್ ಮಾಡಿದವಳು ಹೆತ್ತ ತಾಯಿಯೇ. ಮುಂದಿನ ವಾರದಿಂದ ಪರೀಕ್ಷೆ. ಈ ಸಂಜೆ ಆಗದಿದ್ದರೆ ಸೂರ್ಯ ಹುಟ್ಟುವುದೇ ಇಲ್ಲ.

ಅಪ್ಪ ಟೈಲರ್. ಕಾಲರು ಗಟ್ಟಿಯಾಗಿ ನಿಲ್ಲಲು ಹಾಕುವ ಬಕ್ರಂ ಬಟ್ಟೆಯಿಂದಲೇ ಕಿರಣಗಳನ್ನು ಹೊಲಿದಿದ್ದ. ಬೆಳಿಗ್ಗೆ ಕೊನೆಯ ಕಿರಣಕ್ಕೆ ಇಸ್ತ್ರಿ ಹಾಕುತ್ತಾ, “ನಮ್ಮನೇಲಿ ಸೂರ್ಯ ಹುಟ್ಟೋದೂ ಮುಳುಗೋದೂ ನಿಮ್ಮಮ್ಮನ ಕೈಲಿದೆ ಕಣೇ” ಎಂದ.

ಮಗಳು ನಗಲಿಲ್ಲ. “ಅಮ್ಮಾ, ಈ ಸಲಾನೂ ಇಲ್ಲ ಅಂತ ಫೋನ್ ಮಾಡಿದ್ರೆ ನಾನು ನಿನ್ನ ಹತ್ರ ಮಾತೇ ಆಡಲ್ಲ, ನೋಡ್ತಿರು” ಎಂದಳು.

“ಮೋಡದ ಹತ್ರ ಹೇಳು, ನನ್ನ ಮೇಲ್ಯಾಕೆ ಹಾರ್ತೀಯ?” ಎಂದಳು ತಾಯಿ. ಆದರೂ ದಾರಿಯುದ್ದಕ್ಕೂ ಆಕಾಶವನ್ನು ದುರುಗುಟ್ಟಿ ನೋಡುತ್ತಲೇ ನಡೆದಳು.

ಮಧ್ಯಾಹ್ನ ಮಳೆ ಹಿಡಿಯಿತು. ಮುಖ್ಯೋಪಾಧ್ಯಾಯಿನಿ ಜಗ್ಗಲಿಲ್ಲ. ಮೈದಾನ ಕೆಸರಾದರೆ ಆಗಲಿ, ನಾಟಕ ಮಹಡಿಯ ಸಭಾಂಗಣದಲ್ಲಿ ನಡೆದೇ ತೀರುತ್ತದೆ ಎಂದರು. ಕುರ್ಚಿಗಳು ಮೇಲೇರಿದವು. ಆಗ ಅವಳಿಗೆ ಬೇಕರಿಯಾಕೆಯ ನೆನಪಾಯಿತು. ಪಾಪ, ಹೋದ ತಿಂಗಳು ಬಿದ್ದು ಮಂಡಿ ನೋಯಿಸಿಕೊಂಡಿದ್ದಾಳೆ. ಮೊಮ್ಮಗಳು ನಾಟಕದಲ್ಲಿ ಕಪ್ಪೆ. ಮೆಟ್ಟಿಲು ಹತ್ತಿಸಲು ಯಾರನ್ನಾದರೂ ಕಳಿಸಿ, ಮುಂದಿನ ಸಾಲಿನಲ್ಲಿ ಕಾಲು ಚಾಚುವಂಥ ಜಾಗ ಕೊಡಿಸೋಣವೆಂದು ಫೋನ್ ಮಾಡಿದಳು.

“ಅಕ್ಕಾ, ಮಂಡಿನೋವು ಹೇಗಿದೆ? ಇವತ್ತು ಸಂಜೆ...”

“ಅಯ್ಯೋ, ಅರ್ಥ ಆಯ್ತು ಬಿಡಮ್ಮ!” ಎಂದಳು ಬೇಕರಿಯಾಕೆ. “ಹಾಳಾದ ಮಳೆ. ಅಂಗಡೀಲಿ ಜನ ಇದಾರೆ, ಇಡ್ತೀನಿ.”

ಫೋನ್ ಕಟ್ಟಾಯಿತು. ಮತ್ತೆ ಮಾಡಿದಳು, ಎಂಗೇಜು. ಇನ್ನೊಮ್ಮೆ ಮಾಡಿದಳು, ಆಗಲೂ ಎಂಗೇಜು. ವ್ಯಾಪಾರ ಜೋರಿರಬೇಕು ಎಂದುಕೊಂಡು ಸುಮ್ಮನಾದಳು.

ವ್ಯಾಪಾರವಲ್ಲ, ಬೇಕರಿಯಾಕೆ ತನ್ನ ಬೀದಿಗೆ ಬಾಯಿಯಾಗಿದ್ದಳು. ಆ ಬೀದಿಯಿಂದ ಪಕ್ಕದ ಬೀದಿಗೆ, ಅಲ್ಲಿಂದ ಕ್ಷೌರದಂಗಡಿಗೆ ಸುದ್ದಿ ಹಾರಿತು. ಇದು ಗೊತ್ತಾದದ್ದು ಶಾಲೆಯ ವ್ಯಾನಿನ ಡ್ರೈವರು ನೀರು ಸುರಿಸಿಕೊಂಡು ಕಿಟಕಿಗೆ ಬಂದಾಗ.

“ಅಕ್ಕಾ, ವ್ಯಾನು ಹೊರಡಿಸ್ಲೋ ಬೇಡ್ವೋ? ನಾಟಕ ಇಲ್ವಂತೆ, ಯಾರೂ ಬರಲ್ಲ ಅಂತಿದಾರೆ.”

“ಯಾರಪ್ಪಾ ಹೇಳಿದ್ದು?”

“ನೀವೇ ಅಂತೆ!”

“ನಾನು ಬರೀ ಮಂಡಿನೋವು ಕೇಳಿದೆ ಕಣೋ!”

“ಅದೇ ಮತ್ತೆ” ಎಂದ ಡ್ರೈವರು, ತಿಳಿದವನಂತೆ ತಲೆಯಾಡಿಸುತ್ತಾ. “ನೀವು ಕ್ಷೇಮ ಕೇಳಿದ್ರೆ ಕಾರ್ಯಕ್ರಮ ಇಲ್ಲ ಅಂತ್ಲೇ ಅರ್ಥ. ಊರಿಗೇ ಗೊತ್ತು. ನಿಮಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಅವಳು ಔಷಧಿ ಅಂಗಡಿಗೆ ಫೋನ್ ಹಚ್ಚಿದಳು. “ಅಣ್ಣಾ, ಚೆನ್ನಾಗಿದ್ದೀರಾ? ನಾಟಕ ಇದೆ, ದಯವಿಟ್ಟು ಎಲ್ಲರಿಗೂ ಹೇಳಿ.”

“ಪಾಪ, ಬೇಜಾರು ಮಾಡ್ಕೋಬೇಡಿ” ಎಂದ ಅವನು. “ನಿಮ್ಮ ದನಿಯಲ್ಲೇ ಗೊತ್ತಾಗುತ್ತೆ.”

ಕ್ಷೌರದಂಗಡಿಯ ಮಾವ ಇನ್ನೂ ಮುಂದೆ ಹೋಗಿ ಅವಳಿಗೇ ಸಮಾಧಾನ ಹೇಳಿದ. “ಮಳೆ ಬಂದ್ರೆ ನೀನೇನು ಮಾಡ್ತೀಯ ತಾಯಿ? ಬೆಚ್ಚಗೆ ಮನೆಗೆ ಹೋಗು.”

ರಿಸೀವರ್ ಕೈಯಲ್ಲಿರುವಾಗಲೇ ಬಾಗಿಲಲ್ಲಿ ಸೂರ್ಯ ಬಂದು ನಿಂತ. ಮುಖಕ್ಕೆಲ್ಲ ಹಳದಿ ಬಣ್ಣ, ಕತ್ತಿನ ಸುತ್ತ ಕಿರಣ. ಮಗಳು ಅಮ್ಮನನ್ನು ನೋಡಿದಳು, ಫೋನನ್ನು ನೋಡಿದಳು.

“ಮತ್ತೆ ಫೋನ್ ಮಾಡ್ತಿದ್ದೀಯಾ?”

ಹಳದಿ ಕೆನ್ನೆಯ ಮೇಲೆ ಒಂದು ಹನಿ ಗೆರೆ ಎಳೆದುಕೊಂಡು ಇಳಿಯಿತು. ತಾಯಿಗೆ ಕಿಡಿ ಹತ್ತಿದ್ದು ಆಗ. ಸಿಟ್ಟು ಯಾರ ಮೇಲೆ ಎಂದು ಅವಳಿಗೂ ತಿಳಿಯದು. ಮಳೆಯ ಮೇಲೋ, ಮಂಡಿಯ ಮೇಲೋ, ಇಷ್ಟು ವರ್ಷದ ತನ್ನ ಸವಿಮಾತಿನ ಮೇಲೋ. ಸೆರಗು ಬಿಗಿದು ಮತ್ತೆ ನಂಬರು ಒತ್ತಿದಳು.

“ಮಾವಾ, ಕತ್ತರಿ ಕೆಳಗಿಡಿ! ನಾಟಕ ಇಲ್ಲ ಅಂತ ನಿಮಗೆ ಯಾರು ಕನಸಲ್ಲಿ ಬಂದು ಹೇಳಿದ್ರು? ಮಕ್ಕಳು ಬಣ್ಣ ಬಳ್ಕೊಂಡು ಕೂತಿದ್ರೆ ನೀವು ಅಲ್ಲಿ ಬೇರೆಯವರ ತಲೆ ಬೋಳಿಸ್ತಾ ಕೂತಿದ್ದೀರಾ? ಬೀದಿ ಪೂರ್ತಿ ಎಬ್ಬಿಸ್ಕೊಂಡು ಬರಬೇಕು. ಇಲ್ದಿದ್ರೆ ನಾನೇ ಬರ್ತೀನಿ, ಆಮೇಲೆ ನನ್ನನ್ನ ಅನ್ಬೇಡಿ!”

ಫೋನ್ ಕುಕ್ಕಿದಳು. ಡ್ರೈವರು ಎರಡು ಹೆಜ್ಜೆ ಹಿಂದೆ ಸರಿದ. ಔಷಧಿ ಅಂಗಡಿಯವನಿಗೆ ಇನ್ನೂ ಖಾರವಾಗಿ ಬಿತ್ತು. ಬೇಕರಿಯಾಕೆಯ ಫೋನ್ ಕೊನೆಗೂ ಸಿಕ್ಕಾಗ, “ಕಾಲು ನೋವಾ, ಕುಂಟ್ಕೊಂಡೇ ಬನ್ನಿ! ವ್ಯಾನು ಬಾಗಿಲಿಗೇ ಬರುತ್ತೆ” ಎಂದು ಗದರಿದಳು. ಸದ್ದು ಕೇಳಿ ಮುಖ್ಯೋಪಾಧ್ಯಾಯಿನಿ ಕೋಣೆಯಿಂದ ಹೊರಬಂದರು.

“ಏನ್ರೀ ಇದು? ಪೋಷಕರ ಜೊತೆ ಹೀಗಾ ಮಾತಾಡೋದು?”

“ಮೇಡಂ, ಇವತ್ತೊಂದು ದಿನ ಕಿವಿ ಮುಚ್ಕೊಳ್ಳಿ” ಎಂದು ಅವಳು ಮುಂದಿನ ನಂಬರು ಒತ್ತಿದಳು.

ಜನ ಬಂದರು. ಕೊಡೆ ಹಿಡಿದವರು, ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡವರು, ಅರ್ಧ ಗಡ್ಡ ಕೆರೆಸಿಕೊಂಡು ಹಾಗೇ ಎದ್ದು ಬಂದ ಗಿರಾಕಿಯೊಬ್ಬ. ಸಭಾಂಗಣದ ನೆಲ ಒದ್ದೆಯಾಯಿತು, ಕುರ್ಚಿಗಳು ಸಾಲದಾದವು. “ರಜೆ ಆಂಟಿ ಬೈದ್ರು ಅಂದ್ಮೇಲೆ ಇದೇನೋ ನಿಜವಾಗ್ಲೂ ನಡೆಯುತ್ತೆ ಅಂತ ಓಡಿ ಬಂದ್ವಿ” ಎಂದು ಎಲ್ಲರದೂ ಒಂದೇ ಮಾತು. ಯಾರಿಗೂ ಸಿಟ್ಟಿರಲಿಲ್ಲ. ಬೈಸಿಕೊಂಡದ್ದನ್ನು ಬಹುಮಾನ ಬಂದವರಂತೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಪರದೆ ಸರಿಯಿತು. ಕಪ್ಪೆ ವಟಗುಟ್ಟಿತು, ಮೋಡಗಳು ಓಡಾಡಿದವು. ಆಮೇಲೆ ಸೂರ್ಯ ಹುಟ್ಟಿದ. ಎಡಗಡೆಯ ಒಂದು ಕಿರಣ ತೇವಕ್ಕೆ ಜೋತುಬಿದ್ದಿತ್ತು, ಕೆನ್ನೆಯ ಗೆರೆ ಹಾಗೇ ಇತ್ತು. ಸೂರ್ಯ ತನ್ನ ಮಾತು ಒಂದನ್ನೂ ತಪ್ಪದೆ ಹೇಳಿ, ಹಿಂದಿನ ಬಾಗಿಲ ಬಳಿ ನಿಂತಿದ್ದ ಅಮ್ಮನ ಕಡೆ ನೋಡಿ, ಪಾತ್ರದಲ್ಲಿ ಇಲ್ಲದ ಒಂದು ನಗು ನಕ್ಕ. ಟೈಲರ್ ಅಪ್ಪ ಮಾತ್ರ ಜೋತುಬಿದ್ದ ಕಿರಣವನ್ನೇ ನೋಡುತ್ತಾ ಹಲ್ಲು ಕಡಿಯುತ್ತಿದ್ದ.

ನಾಟಕ ಮುಗಿದ ಮೇಲೆ ಅವಳು ಮುಂದಿನ ಸಾಲಿಗೆ ಹೋದಳು. ಬೇಕರಿಯಾಕೆ ಕಾಲು ಚಾಚಿ, ಕಪ್ಪೆಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಗದರಿದ್ದಕ್ಕೆ ಮನಸ್ಸು ಚುರುಗುಟ್ಟಿ, ಅವಳು ಪಕ್ಕದಲ್ಲಿ ಕೂತು ಮೆತ್ತಗೆ ಕೇಳಿದಳು.

“ಅಕ್ಕಾ, ಈಗ ಮಂಡಿ ಹೇಗಿದೆ?”

ಬೇಕರಿಯಾಕೆಯ ನಗು ನಿಂತೇಹೋಯಿತು.

“ಯಾಕಮ್ಮಾ, ನಾಳೆ ಏನು ಇಲ್ಲ?”