ಮಹಡಿ ಮನೆಯಲ್ಲಿ ಹಾಲು ಉಕ್ಕಿಸಿದ್ದು

ಗಂಗಾನಗರದ ನಮ್ಮ ಮನೆಯ ಮಹಡಿಯನ್ನು ಯೆಮೆನ್ ದೇಶದ ಕುಟುಂಬವೊಂದಕ್ಕೆ ಬಾಡಿಗೆಗೆ ಕೊಡಲು ನಾನು ಒಪ್ಪಿದ್ದು ಧೈರ್ಯದಿಂದಲ್ಲ, ಇಲ್ಲ ಎನ್ನಲು ಭಯವಾಗಿ. ಗಂಡ, ಹೆಂಡತಿ, ಕಂಕುಳಲ್ಲೊಂದು ಹೆಣ್ಣುಮಗು. ಯುದ್ಧದಿಂದ ತಪ್ಪಿಸಿಕೊಂಡು ಬಂದವರು. ಗಂಡ ಹಿಂದೆ ಇಲ್ಲೇ ಕಾಲೇಜು ಓದಿದ್ದರಿಂದ ಹರಕುಮುರುಕು ಕನ್ನಡ ಬರುತ್ತಿತ್ತು. ಹೆಬ್ಬಾಳದವರೆಗೆ ಕೇಳಿದ ಕಡೆಯೆಲ್ಲ ಮನೆ ಇಲ್ಲ ಎನ್ನಿಸಿಕೊಂಡಿದ್ದರು. ಆ ಬೆಳಿಗ್ಗೆ ಲಾಡ್ಜ್ ಖಾಲಿ ಮಾಡಿ, ಆಟೋ ತುಂಬ ಗಂಟು ಹೇರಿಕೊಂಡು ಬಂದಿದ್ದರು.

ನಾನು ಹಿಂದಿನ ದಿನವೇ ಪೊಲೀಸ್ ಠಾಣೆಗೆ ಎರಡು ಸಲ ಹೋಗಿದ್ದೆ. ಮೊದಲ ಸಲ ಬಾಡಿಗೆದಾರರ ಕಾಗದ ಕೊಡಲು. ಎರಡನೇ ಸಲ, ನಾನು ಕೊಟ್ಟದ್ದು ನಿಜ ತಾನೇ ಎಂದು ಕೇಳಲು.

ಆದರೆ ಮನೆಯ ಕೀಲಿ ಅಮ್ಮನ ಸೊಂಟದಲ್ಲಿತ್ತು. ಅವಳದು ಒಂದೇ ಷರತ್ತು: ಬರುವವರು ಯಾರೇ ಇರಲಿ, ಮೊದಲು ಹಾಲು ಉಕ್ಕಿಸಬೇಕು. ಉಕ್ಕದಿದ್ದರೆ ಆ ಮನೆ ಅವರಿಗೆ ಆಗಿಬರುವುದಿಲ್ಲ. ಹಿಂದಿದ್ದವರು ಕಾಟಾಚಾರಕ್ಕೆ ಬಿಸಿ ಮಾಡಿದ್ದರು. ಮಳೆಗಾಲದೊಳಗೆ ಗಂಡ ಹೆಂಡತಿ ಬೇರೆಯಾದರು. ಅಮ್ಮನಿಗೆ ಅಷ್ಟು ಸಾಕ್ಷಿ ಸಾಕು.

ಅಮ್ಮನೇ ಬಾಗಿಲು ತೆಗೆದು, ನಮ್ಮ ಹಳೆಯ ಗ್ಯಾಸ್ ಒಲೆಯ ಮೇಲೆ ಹಾಲಿಟ್ಟು ಆ ಹೆಂಗಸನ್ನು ಮುಂದೆ ನಿಲ್ಲಿಸಿದಳು. ಹಾಲು ಕಂಠದವರೆಗೆ ಬಂತು. ಹೆಂಗಸು ಟಪ್ಪನೆ ಒಲೆ ಆರಿಸಿದಳು. ತಿಳಿಯಲಿಲ್ಲವೇನೋ ಎಂದು ಅಮ್ಮ ಎರಡೂ ಕೈ ಮೇಲೆತ್ತಿ, ಉಕ್ಕುವುದು ಹೇಗೆಂದು ಸ್ವತಃ ಉಕ್ಕಿ ತೋರಿಸಿದಳು. ಗಂಡ ಅರಬ್ಬಿಯಲ್ಲಿ ವಿವರಿಸಿದ. ಹೆಂಗಸು ತಲೆಯಾಡಿಸಿ ಮತ್ತೆ ಹಚ್ಚಿದಳು. ಈ ಸಲ ದುಪಟ್ಟದ ತುದಿಯಲ್ಲಿ ಹಿಡಿದು ಪಾತ್ರೆಯನ್ನೇ ಎತ್ತಿಬಿಟ್ಟಳು. ಆಮೇಲಿನ ಸಲ ಬಗ್ಗಿ ಊದಿದಳು. ಕೆಳಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ನನಗೆ ಅಮ್ಮನ ಬಿಪಿಯದೂ ಸಿಲಿಂಡರಿನದೂ ಚಿಂತೆ ಒಟ್ಟಿಗೇ ಹತ್ತಿತು.

ಗಂಡ ತಲೆ ತಗ್ಗಿಸಿಯೇ ಹೇಳಿದ: "ಅಮ್ಮಾ, ಅಲ್ಲಿ ಹಾಲು ಸಿಗ್ತಿರ್ಲಿಲ್ಲ. ಮಗೂಗೆ ಅಕ್ಕಿ ನೀರು ಕೊಟ್ವಿ. ಚೆಲ್ಲು ಅಂದ್ರೆ ಅವಳ ಕೈ ಕೇಳಲ್ಲ."

ಅಮ್ಮ ಮಗುವನ್ನು ನೋಡಿದಳು. ಮೆತ್ತಗಾದಳು, ಆದರೆ ಷರತ್ತು ಬಿಡಲಿಲ್ಲ. ಅವರ ಪರವಾಗಿ ನಾನೇ ಉಕ್ಕಿಸಲೇ ಎಂದೆ.

"ನೀನ್ ಉಕ್ಸಿದ್ರೆ ಒಳ್ಳೇದು ನಿಂಗಾಗತ್ತೆ. ಅವ್ರಿಗೇನ್ ಬಂತೋ?"

ಗಂಡ ಅದನ್ನೂ ಅರಬ್ಬಿಗೆ ತಿರುಗಿಸಿ ಹೇಳಿದ. ಹೆಂಗಸು ಮಗುವನ್ನು ಅವನ ಕೈಗಿತ್ತು ದಡದಡ ಕೆಳಗಿಳಿದಳು. ಹೊರಟೇ ಹೋದಳೇನೋ ಎಂದು ನಾನು ಬಾಲ್ಕನಿಗೆ ಓಡಿದೆ. ಅವಳು ಆಟೋದೊಳಗೆ ಒಂದು ಗಂಟು ಬಿಚ್ಚುತ್ತಿದ್ದಳು. ಅಗಲವಾದ ಬಾಣಲೆಯೊಂದನ್ನು ಹಿಡಿದು ಮೇಲೆ ಬಂದು, ಒಲೆಯ ಮೇಲಿಟ್ಟು, ಅದರ ನಡುವೆ ಹಾಲಿನ ಪಾತ್ರೆ ಕೂರಿಸಿ ಉರಿ ಹಚ್ಚಿದಳು.

ತುಂಬ ಹೊತ್ತು ಹಿಡಿಯಿತು. ಕೊನೆಗೆ ಹಾಲು ಏರಿತು, ಉಬ್ಬಿತು, ಸುತ್ತಲೂ ಇಳಿದು ಬಾಣಲೆಗೆ ಬಿತ್ತು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಮ್ಮ "ಸಾಕಮ್ಮಾ" ಎಂದಮೇಲೆಯೇ ಒಲೆ ಆರಿಸಿ, ಬಾಣಲೆಯ ಹಾಲನ್ನು ಲೋಟಕ್ಕೆ ಬಗ್ಗಿಸಿದಳು. ತಳ ಸ್ವಲ್ಪ ಸೀದಿತ್ತು. ಆರಿಸಿ ಕೊಟ್ಟಾಗ ಮಗು ಬಿಡದೆ ಕುಡಿಯಿತು.

ಅಮ್ಮ ಸೊಂಟದಿಂದ ಕೀಲಿ ತೆಗೆದು ಅವಳ ಕೈಗಿಟ್ಟಳು. ನನಗೆ ಸಂಶಯ. ಬಾಣಲೆಯೊಳಗೇ ಬಿದ್ದರೆ ಅದು ಉಕ್ಕಿಸಿದ ಲೆಕ್ಕವೇ ಎಂದು ಮೆಲ್ಲಗೆ ಕೇಳಿದೆ.

"ಉಕ್ಕಿದ್ದೆಲ್ಲಾ ಅವ್ರ ಮನೇಲೇ ಉಳೀತಲ್ಲೋ, ಇನ್ನೇನಾಗ್ಬೇಕು? ಹೋಗು, ಸಾಮಾನ್ ಇಳ್ಸು."

ಇಳಿಸಿದೆ. ಒಂದು ಗಂಟಂತೂ ಎಷ್ಟು ಭಾರವಿತ್ತೆಂದರೆ, ನಮ್ಮ ಮಹಡಿಯ ಕಾಂಕ್ರೀಟ್ ಮೋಲ್ಡ್ ಇದನ್ನು ತಡೆದೀತೇ ಎಂದು ಮೆಟ್ಟಿಲುದ್ದಕ್ಕೂ ಯೋಚಿಸುತ್ತಲೇ ಹತ್ತಿದೆ.